ನಿಮಗಿದು ಗೊತ್ತೇ? ಕಡಲ ತೆರೆಗೆ ಎರೆಹೊಲದ ಎಣ್ಣೆ

● ಕುಂದಗೋಳ ತಾಲ್ಲೂಕಿನ ಸಂಶಿಯವರು ಸಮುದ್ರ ನೋಡಬೇಕಾದರೆ ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಅಂಕೋಲೆ ಮುಟ್ಟಬೇಕು. ಊರಿನ ಮಳೆನೀರು ಮಾತ್ರ ಆ ಕಡೆ ಹರಿಯುವುದೇ ಇಲ್ಲ. ಹಳ್ಳ, ಹೊಳೆ ಸೇರಿ ಕೃಷ್ಣೆಯೊಂದಿಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ!

● ಆದರೂ ಸಮುದ್ರದ ಚಿತ್ರಕ್ಕೆ ಬೇಕಾದ ಸಾಮಾನು ಈ ಸೀಮೆಯ ಎರೆಹೊಲದ್ದೇ. ತೈಲವರ್ಣದ ಬಣ್ಣದ ಪುಡಿ ಅರೆಯುವುದು ಅಗಸಿ ಎಣ್ಣೆಯಲ್ಲಿ. ಹೌದು, ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿಯ ಅದೇ ಅಗಸಿ. ಈ ಎಣ್ಣೆ ಆವಿಯಾಗಿ ಒಣಗುವುದಲ್ಲ. ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿ ಪದರವಾಗುತ್ತದೆ. ವರ್ಷಗಳು ಕಳೆದಂತೆ ಹಳದಿಗೆ ತಿರುಗುವುದು ಅದರ ದೋಷ, ನೊರೆಯ ಬಿಳುಪನ್ನು ಅದು ಕೆಡಿಸುತ್ತದೆ. ಅದಕ್ಕೇ ಬಿಳಿ ಬಣ್ಣವನ್ನು ಹಲವು ತಯಾರಕರು ಕುಸುಬಿ ಎಣ್ಣೆಯಲ್ಲಿ ಅರೆಯುತ್ತಾರೆ. ಕ್ಯಾನ್ವಾಸ್? ಅದೂ ಹೆಚ್ಚಾಗಿ ಹತ್ತಿಯದೇ. ಅಗಸಿ, ಕುಸುಬಿ, ಹತ್ತಿ ಮೂರನ್ನೂ ಬೆಳೆಯುವ ನಾಡಿನ ಮಕ್ಕಳಿಗೆ ಚಿತ್ರಕಲೆಯ ತರಗತಿಯಲ್ಲಿ ಇದನ್ನು ಮೊದಲು ಹೇಳಬೇಕು.

● ಮಂಗಳೂರು ಬಳಿಯ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾದದ್ದು 2004ರಲ್ಲಿ. ಪಕ್ಕದ ಸಸಿಹಿತ್ಲು ಕಡಲತೀರದಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ತೆರೆ ಬರೆಯುವವರಿಗೆ ಬೇಕಾದ ಫೋಟೊಗಳು ನಮ್ಮ ಕರಾವಳಿಯಲ್ಲೇ ಸಿಗುತ್ತವೆ.

● ನೀರು ಹೋಗದ ಪೆಟ್ಟಿಗೆ ಮಾಡಿ, ಕ್ಯಾಮೆರಾ ಹಿಡಿದು ಅಲೆಗಳ ನಡುವೆಯೇ ಸರ್ಫಿಂಗ್ ಚಿತ್ರ ತೆಗೆದ ಮೊದಲಿಗರಲ್ಲಿ ಒಬ್ಬರು ಅಮೆರಿಕದ ಟಾಮ್ ಬ್ಲೇಕ್. ಅವರ ಚಿತ್ರಗಳು 1935ರಲ್ಲಿ ನ್ಯಾಷನಲ್ ಜಿಯೊಗ್ರಾಫಿಕ್‌ನಲ್ಲಿ ಅಚ್ಚಾದವು.

● ನೀರಿನ ಆಳವು ತೆರೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ತೆರೆ ಮುರಿಯುತ್ತದೆ. ಬುಡ ನೆಲಕ್ಕೆ ತಾಗಿ ನಿಧಾನವಾಗುತ್ತದೆ, ತಲೆ ಮುಂದಕ್ಕೆ ಬೀಳುತ್ತದೆ.

● ಆ ಕ್ಷಣದ ಫೋಟೊವನ್ನು ಗಮನಿಸಿ ನೋಡಿ. ತೆರೆಯ ಬುಡ ಕಡುನೀಲಿ. ತುದಿಯ ತೆಳು ನೀರಿನಲ್ಲಿ ಹಿಂದಿನಿಂದ ಬಿಸಿಲು ತೂರಿ ಬರುವುದರಿಂದ ಅಲ್ಲಿ ಎಳೆ ಹಸಿರು. ನೀರು ಕೆಂಪು ಬೆಳಕನ್ನು ಹೀರುತ್ತದೆ, ನೊರೆಯ ಗುಳ್ಳೆಗಳು ಎಲ್ಲ ಬಣ್ಣವನ್ನೂ ಚದುರಿಸುತ್ತವೆ. ನೆರಳಿನಲ್ಲಿರುವ ನೊರೆಯಂತೂ ಬಿಳಿಯೇ ಅಲ್ಲ, ನೀಲಿ ಬೆರೆತ ಬೂದು. ಕಲಿಯುವವರು ಹೆಚ್ಚಾಗಿ ಎಡವುವುದು ಇಲ್ಲೇ: ಟ್ಯೂಬಿನ ಬಿಳಿಯನ್ನು ಹಾಗೇ ಬಳಿದುಬಿಡುತ್ತಾರೆ.

● ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲೇ ತೆರೆಗಳ ಫೋಟೊ ತೆಗೆದಿದ್ದರು. ಆಗ ಆಕಾಶ ಮತ್ತು ನೀರು ಒಂದೇ ನೆಗೆಟಿವ್‌ನಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ. ಎರಡು ನೆಗೆಟಿವ್ ಕೂಡಿಸಿ ಅವರು ಒಂದು ಚಿತ್ರ ಮಾಡುತ್ತಿದ್ದರು.

● ಉಕ್ಕುವ ಸಮುದ್ರಕ್ಕೆ ಬಾಣ ಹೂಡಿ ನಿಂತ ರಾಮನನ್ನು ರವಿವರ್ಮ ತೈಲವರ್ಣದಲ್ಲಿ ಬರೆದಿದ್ದಾರೆ. ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರು ರಾಮನನ್ನು ನೋಡಿದ ಮೇಲೆ ಬಂಡೆಗೆ ಬಡಿಯುವ ನೀರನ್ನೂ ನಿಂತು ನೋಡಬೇಕು.

● ಕೊನೆಯದಾಗಿ, ಬೇರೆಯವರ ಫೋಟೊ ನೋಡಿ ಬರೆದ ಚಿತ್ರ ಮಾರುವವರಿಗೆ: 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಫೋಟೊದ ಹಕ್ಕು ಅದನ್ನು ತೆಗೆದವರ ಜೀವಿತಾವಧಿಯುದ್ದಕ್ಕೂ, ಅವರು ತೀರಿಕೊಂಡ ನಂತರ 60 ವರ್ಷವೂ ಇರುತ್ತದೆ. ಫೋಟೊ ತೆಗೆದವರನ್ನು ಕೇಳಿ, ಒಪ್ಪಿಗೆ ಪಡೆದೇ ಕುಂಚ ಹಿಡಿಯಿರಿ.