ಮಣ್ಣಿನ ಹಾದಿಗೊಂದು ಮೋಟಾರು ಸೈಕಲ್ಲು: ಆಯ್ಕೆಯ ವಿವೇಕ, ಅಣಿಗೊಳಿಸುವ ಕ್ರಮ

ಚನ್ನಬಸವಣ್ಣನವರ ಐಕ್ಯಕ್ಷೇತ್ರವಾದ ಉಳವಿಗೆ ಭಾರತ ಹುಣ್ಣಿಮೆಯ ಹೊತ್ತಿಗೆ ಧಾರವಾಡ, ಬೆಳಗಾವಿ ಸೀಮೆಯ ಭಕ್ತರು ಚಕ್ಕಡಿ ಕಟ್ಟಿಕೊಂಡು ಹೋಗುವ ಪದ್ಧತಿ ಇಂದಿಗೂ ನಿಂತಿಲ್ಲ. ಜೋಯಿಡಾ ಸೀಮೆಯ ದಟ್ಟ ಕಾಡಿನ ಏರಿಳಿತದ ದಾರಿಗೆ ಹೊರಡುವ ಮುನ್ನ ರೈತನು ಗಾಲಿಯ ಹಳಿ ಸಡಿಲವಾಗಿದೆಯೇ ಎಂದು ನೋಡುತ್ತಾನೆ. ಅಚ್ಚಿಗೆ ಕೀಲೆಣ್ಣೆ ಹಾಕುತ್ತಾನೆ. ಎತ್ತುಗಳಿಗೆ ಲಾಳ ಕಟ್ಟಿಸುತ್ತಾನೆ. ಅವುಗಳ ಶಕ್ತಿಯನ್ನು ಅರಿತು ಹೊರೆ ಹೇರುತ್ತಾನೆ. ದಾರಿಯನ್ನು ನೋಡಿ ಬಂಡಿ ಹೂಡಬೇಕೆಂಬ ಈ ತಿಳಿವಳಿಕೆ ನಮ್ಮ ಹಿರಿಯರಿಗೆ ಯಾರೂ ಕಲಿಸಿಕೊಟ್ಟದ್ದಲ್ಲ, ಬದುಕಿನಿಂದಲೇ ಬಂದದ್ದು.

ಬೆಂಗಳೂರಿನ ಪಶ್ಚಿಮ ಭಾಗದ ಕಾಮಾಕ್ಷಿಪಾಳ್ಯ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲಿ ಇಂದು ಚಕ್ಕಡಿಗಳಿಲ್ಲ. ಆದರೆ ಒರಟು ದಾರಿಯ ಹಂಬಲ ಮಕ್ಕಳಲ್ಲಿ ಉಳಿದಿದೆ. ಅದರ ಈಗಿನ ರೂಪವೇ ‘ಅಡ್ವೆಂಚರ್ ಬೈಕ್’, ಅಂದರೆ ಡಾಂಬರು ಮುಗಿದ ಮೇಲೂ ಮುಂದುವರಿಯಬಲ್ಲ ಮೋಟಾರು ಸೈಕಲ್ಲು. ಮಗ ಕೇಳುತ್ತಾನೆ, ಕೆಲವು ಮನೆಗಳಲ್ಲಿ ಮಗಳೂ ಕೇಳುತ್ತಾಳೆ. ತಾಯಿ ಅಂಜುತ್ತಾಳೆ, ತಂದೆ ಬೆಲೆ ಕೇಳಿ ಮೌನವಾಗುತ್ತಾರೆ. ಬೇಡವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸರಿಯಲ್ಲ. ಕೇಳಿದ್ದನ್ನು ಕೊಡಿಸಿ ಕೈತೊಳೆದುಕೊಳ್ಳುವುದಂತೂ ಇನ್ನೂ ಸರಿಯಲ್ಲ. ವಿಷಯವನ್ನು ಮನೆಮಂದಿಯೆಲ್ಲ ತಿಳಿದು ನಿರ್ಧರಿಸಲು ನೆರವಾಗಲೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ಕನ್ನಡ ನಾಡಿಗೆ ಇದು ಹೊಸತಲ್ಲ

ಮೋಟಾರು ಸೈಕಲ್ಲಿನ ಕಥೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಸ್ಥಾನವಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ತಯಾರಿಕೆ ಆರಂಭವಾಯಿತು. ಅಲ್ಲಿಂದ ಹೊರಬಂದ ಜಾವಾ ಮತ್ತು ಯೆಜ್ಡಿ ಬಂಡಿಗಳು 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ, ಆಮೇಲೂ ಬಹುಕಾಲ, ನಮ್ಮ ಹಳ್ಳಿಗಳ ಮಣ್ಣುದಾರಿಗಳಲ್ಲಿ ಓಡಿದವು. ಹಾಲಿನ ಕ್ಯಾನು, ಗೊಬ್ಬರದ ಮೂಟೆ, ಹಿಂದೆ ಇಬ್ಬರು ಮಕ್ಕಳು, ಇವೆಲ್ಲವನ್ನೂ ಹೊತ್ತು ಬಂಡಿಜಾಡಿನಲ್ಲಿ ಸಾಗಿದ ಆ ವಾಹನಗಳಿಗೆ ಯಾರೂ ‘ಸಾಹಸ’ ಎಂಬ ಹೆಸರಿಡಲಿಲ್ಲ.

ಒರಟು ಹಾದಿಯನ್ನೂ ಗಮನದಲ್ಲಿಟ್ಟು ರೂಪಿಸಿದ ವಾಹನಗಳು ನಮ್ಮ ದೇಶದ ಸಾಮಾನ್ಯ ಮಾರುಕಟ್ಟೆಗೆ ಬಂದದ್ದು ತಡವಾಗಿ. 2011ರಲ್ಲಿ ಹೀರೋ ಕಂಪನಿಯ 150 ಸಿ.ಸಿ. ಇಂಪಲ್ಸ್ ಬಂತು, ಹೆಚ್ಚು ಮಾರಾಟವಾಗದೆ ಮರೆಯಾಯಿತು. 2016ರಲ್ಲಿ ರಾಯಲ್ ಎನ್‌ಫೀಲ್ಡಿನ ಹಿಮಾಲಯನ್ 411, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ 200, 2020ರಲ್ಲಿ ಕೆಟಿಎಂ 390 ಅಡ್ವೆಂಚರ್, 2022ರಲ್ಲಿ ಯೆಜ್ಡಿ ಅಡ್ವೆಂಚರ್, 2023ರ ಕೊನೆಯಲ್ಲಿ ಹಿಮಾಲಯನ್ 450 ಹೀಗೆ ಸಾಲಾಗಿ ಬಂದವು.

ಇದೇ ಅವಧಿಯಲ್ಲಿ ನಮ್ಮ ನಾಡಿನ ಸವಾರರು ಜಗತ್ತಿನ ಅತಿ ಕಠಿಣ ಸ್ಪರ್ಧೆಯೆನಿಸಿದ ಡಾಕರ್ ರ‍್ಯಾಲಿಯಲ್ಲಿ ಹೆಸರು ಗಳಿಸಿದರು. ಬೆಂಗಳೂರಿನ ಸಿ. ಎಸ್. ಸಂತೋಷ್ ಅವರು 2015ರಲ್ಲಿ ಆ ರ‍್ಯಾಲಿಯನ್ನು ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. ದೂರದರ್ಶನ ವಾಹಿನಿಯ ಬಿಗ್ ಬಾಸ್ ಕಾರ್ಯಕ್ರಮದ ಮೂಲಕ ಮನೆಮನೆಗೂ ಪರಿಚಿತರಾದ ಅರವಿಂದ್ ಕೆ. ಪಿ. ಅವರು 2019ರಲ್ಲಿ ಅದೇ ಸಾಧನೆ ಮಾಡಿದರು. ಆದರೆ ಮರೆಯಬಾರದ ಇನ್ನೊಂದು ಸಂಗತಿಯಿದೆ. 2021ರ ಜನವರಿಯಲ್ಲಿ ಸೌದಿ ಅರೇಬಿಯದ ಮರುಭೂಮಿಯಲ್ಲಿ ನಡೆದ ರ‍್ಯಾಲಿಯಲ್ಲಿ ಸಂತೋಷ್ ಅವರು ಬಿದ್ದು ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ಕೆಲಕಾಲ ಪ್ರಜ್ಞಾಹೀನ ಸ್ಥಿತಿಯಲ್ಲಿಟ್ಟು ಚಿಕಿತ್ಸೆ ನೀಡಬೇಕಾಯಿತು. ವರ್ಷಗಟ್ಟಲೆ ಅಭ್ಯಾಸವಿದ್ದ, ಉತ್ತಮ ರಕ್ಷಣಾ ಉಡುಪು ತೊಟ್ಟಿದ್ದ ನಿಪುಣರಿಗೇ ಹೀಗಾಗುವುದಾದರೆ, ಹೊಸಬರು ಎಷ್ಟು ಎಚ್ಚರದಿಂದಿರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಆಯ್ಕೆಗೆ ನಾಲ್ಕು ಅಳತೆಗಳು

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಎಂಜಿನ್ನಿನ ಶಕ್ತಿ. ಮಣ್ಣಿನ ಹಾದಿಯಲ್ಲಿ ಮೊದಲು ನೋಡಬೇಕಾದುದು ವಾಹನದ ತೂಕ. ಮೊದಲ ವರ್ಷ ಬೀಳದೆ ಕಲಿತವರಿಲ್ಲ. ಬಿದ್ದ ಬಂಡಿಯನ್ನು ಒಬ್ಬನೇ ಎತ್ತಿ ನಿಲ್ಲಿಸಬಲ್ಲೆನೇ ಎಂಬುದೇ ಮೊದಲ ಪರೀಕ್ಷೆ. 2019ರ ಎಕ್ಸ್‌ಪಲ್ಸ್ 200 ಸುಮಾರು 154 ಕಿಲೋ ತೂಗುತ್ತದೆ. ಹಿಮಾಲಯನ್ 450 ಸುಮಾರು 196 ಕಿಲೋ. ನಡುವಿನ ನಲವತ್ತು ಕಿಲೋ ಎಂದರೆ ಹೆಚ್ಚುಕಡಿಮೆ ಒಂದು ದೊಡ್ಡ ಮೂಟೆ ಅಕ್ಕಿ. ಹೆದ್ದಾರಿಯಲ್ಲಿ ಗೊತ್ತಾಗದ ಈ ವ್ಯತ್ಯಾಸ ಕೆಸರಿನ ಇಳಿಜಾರಿನಲ್ಲಿ ಬೆನ್ನಿಗೆ ಗೊತ್ತಾಗುತ್ತದೆ.

ಎರಡನೆಯದು ಸೀಟಿನ ಎತ್ತರ. ಹಿಮಾಲಯನ್ 411ರ ಸೀಟು 800 ಮಿ.ಮೀ., ಎಕ್ಸ್‌ಪಲ್ಸ್ 200ರದು ಸುಮಾರು 825, ಹಿಮಾಲಯನ್ 450ರದು 825ರಿಂದ 845ರವರೆಗೆ ಹೊಂದಿಸಬಹುದಾದುದು. ಕುಳಿತಾಗ ಎರಡೂ ಪಾದಗಳ ಮುಂಭಾಗ ನೆಲವನ್ನು ಗಟ್ಟಿಯಾಗಿ ಮುಟ್ಟಬೇಕು. ಎತ್ತರ ಕಡಿಮೆಯಿರುವವರು ಸಂಕೋಚಪಡದೆ ತಗ್ಗಿನ ಸೀಟನ್ನೇ ಆರಿಸಿಕೊಳ್ಳಬೇಕು.

ಮೂರನೆಯದು ಚಕ್ರ ಮತ್ತು ನೆಲದಿಂದಿರುವ ಅಂತರ. ಮುಂದಿನ ಚಕ್ರ 21 ಅಂಗುಲದ್ದಾಗಿದ್ದರೆ ಕಲ್ಲು, ಹಳ್ಳಗಳನ್ನು ಸುಲಭವಾಗಿ ಹತ್ತಿ ಇಳಿಯುತ್ತದೆ. ಕಡ್ಡಿಗಳ ಚಕ್ರ ಪೆಟ್ಟು ಬಿದ್ದಾಗ ಬಾಗುತ್ತದೆ, ಅದನ್ನು ಮತ್ತೆ ನೇರಗೊಳಿಸಬಹುದು. ಎರಕದ ಅಲಾಯ್ ಚಕ್ರಕ್ಕೆ ಬಿರುಕು ಬಿಟ್ಟರೆ ದಾರಿಯಲ್ಲಿ ಉಪಾಯವಿಲ್ಲ. ಎಂಜಿನ್ನಿನ ತಳಕ್ಕೂ ನೆಲಕ್ಕೂ 200 ಮಿ.ಮೀ.ಗಿಂತ ಹೆಚ್ಚು ಅಂತರವಿದ್ದರೆ ನಮ್ಮ ಹಳ್ಳಿದಾರಿಗಳಿಗೆ ಸಾಕು.

ನಾಲ್ಕನೆಯದು ದುರಸ್ತಿಯ ಸೌಲಭ್ಯ. ತಾಲೂಕು ಕೇಂದ್ರದಲ್ಲಿ ಬಿಡಿಭಾಗ ಸಿಗದ ವಾಹನ ಎಷ್ಟು ಚೆಂದವಿದ್ದರೂ ದೂರದ ಪಯಣಕ್ಕೆ ಹೊರೆಯೇ. ದಿನವೂ ಕಚೇರಿಗೆ ಓಡಿಸುವ ಬಂಡಿಯೇ ಇದಾಗಿರುವುದರಿಂದ ಪೆಟ್ರೋಲಿನ ಖರ್ಚು, ಹಿಂದೆ ಕೂರುವವರ ಅನುಕೂಲ ಇವನ್ನೂ ಲೆಕ್ಕಕ್ಕೆ ಹಿಡಿಯಬೇಕು. ತಿಂಗಳ ಕಂತು ಮನೆಯ ಖರ್ಚನ್ನು ಕುಗ್ಗಿಸುವಷ್ಟಿದ್ದರೆ ಒಳ್ಳೆಯ ಸ್ಥಿತಿಯಲ್ಲಿರುವ ಹಳೆಯ ಬಂಡಿಯೇ ಮೇಲು. ಹಳೆಯದನ್ನು ಕೊಳ್ಳುವಾಗ ಮುಂದಿನ ಫೋರ್ಕಿನಲ್ಲಿ ಎಣ್ಣೆ ಸೋರಿಕೆ, ಸಡಿಲ ಕಡ್ಡಿಗಳು, ಚೌಕಟ್ಟಿನಲ್ಲಿ ವೆಲ್ಡಿಂಗ್ ಗುರುತು ಇವನ್ನು ನುರಿತ ಮೆಕ್ಯಾನಿಕ್ ಒಬ್ಬರಿಂದ ಪರೀಕ್ಷಿಸಿಕೊಳ್ಳತಕ್ಕದ್ದು.

ಮೊದಲ ಖರ್ಚು ದೇಹಕ್ಕೆ

ದೇಹವನ್ನು ದೇವರ ನೆಲೆಯೆಂದು ಕಂಡ ಪರಂಪರೆ ನಮ್ಮದು. ಆದ್ದರಿಂದ ವಾಹನದ ಅಲಂಕಾರಕ್ಕಿಂತ ಮೊದಲು ಸವಾರನ ರಕ್ಷಣೆಗೆ ಹಣ ಮೀಸಲಿಡಬೇಕು. ಐಎಸ್‌ಐ ಗುರುತುಳ್ಳ, ಮುಖವನ್ನೂ ಮುಚ್ಚುವ, ತಲೆಗೆ ಬಿಗಿಯಾಗಿ ಕೂರುವ ಹೆಲ್ಮೆಟ್, ಹರಡುಗಂಟನ್ನು ಮುಚ್ಚುವ ಗಟ್ಟಿ ಬೂಟು, ಮೊಣಕಾಲು, ಮೊಣಕೈಗಳಿಗೆ ಕವಚ, ಕೈಗವಸು, ಬೆನ್ನು, ಭುಜಗಳಿಗೆ ರಕ್ಷೆಯಿರುವ ಜಾಕೆಟ್ಟು ಇವಿಷ್ಟೂ ಬಂಡಿಯ ಜೊತೆಯಲ್ಲೇ ಮನೆಗೆ ಬರಬೇಕು. ಬಂಡಿ ಕೊಳ್ಳಲು ಹಣವಿದೆ, ಇವುಗಳಿಗಿಲ್ಲ ಎನ್ನುವುದಾದರೆ ಬಂಡಿಗೂ ಹಣವಿಲ್ಲವೆಂದೇ ತಿಳಿಯಬೇಕು.

ಇಷ್ಟಲಿಂಗ ಧರಿಸುವ ಸವಾರರಿಗೆ ಒಂದು ಸೂಚನೆ. ಎದೆಯ ಮೇಲಿನ ಲೋಹದ ಕರಡಿಗೆಯ ಮೇಲೆ ಕವಚದ ಪಟ್ಟಿ ಒತ್ತಬಾರದು. ಶಿವದಾರವು ಜಾಕೆಟ್ಟಿನ ಹೊರಗೆ ಜೋತಾಡಬಾರದು. ಮೃದುವಾದ ವಸ್ತ್ರದಲ್ಲಿ ಸುತ್ತಿ ಒಳ ಅಂಗಿಯೊಳಗೆ ಭದ್ರವಾಗಿ ಧರಿಸಿದರೆ ಲಿಂಗಕ್ಕೂ ಅಂಗಕ್ಕೂ ಕ್ಷೇಮ.

ಎರಡನೆಯ ಖರ್ಚು ಕಲಿಕೆಗೆ. ಸಂತೋಷ್ ಅವರು ಕೋಲಾರ ಜಿಲ್ಲೆಯಲ್ಲಿ ಸ್ಥಾಪಿಸಿದ ಬಿಗ್ ರಾಕ್ ಡರ್ಟ್ ಪಾರ್ಕಿನಂತಹ ಸ್ಥಳಗಳಲ್ಲಿ ತರಬೇತಿ ದೊರೆಯುತ್ತದೆ. ನಿಂತು ಸವಾರಿ ಮಾಡುವುದು, ಸಡಿಲ ಮಣ್ಣಿನಲ್ಲಿ ಬ್ರೇಕ್ ಹಿಡಿಯುವುದು, ಬಿದ್ದ ಬಂಡಿಯನ್ನು ಕಾಲಿನ ಬಲದಿಂದ ಎತ್ತುವುದು ಇವನ್ನು ಗುರುಮುಖದಿಂದ ಕಲಿತರೆ ಎಷ್ಟೋ ಮೂಳೆಗಳು ಉಳಿದಾವು.

ಬಂಡಿಯನ್ನು ಅಣಿಗೊಳಿಸುವುದು

ಮೊದಲು ಕೈಕಾಲುಗಳಿಗೆ ಹೊಂದಿಕೆ. ಮಣ್ಣಿನ ಹಾದಿಯಲ್ಲಿ ಸವಾರನು ಕಾಲಮೆಟ್ಟಿನ ಮೇಲೆ ನಿಂತು ಸಾಗಬೇಕಾಗುತ್ತದೆ. ಹಾಗೆ ನಿಂತಾಗ ಬೆನ್ನು ಬಾಗದಂತೆ ಹ್ಯಾಂಡಲ್ಲಿನ ಎತ್ತರವಿರಬೇಕು. ಕ್ಲಚ್ ಮತ್ತು ಬ್ರೇಕಿನ ಹಿಡಿಗಳನ್ನು ತುಸು ಕೆಳಕ್ಕೆ ತಿರುಗಿಸಿ ಮಣಿಕಟ್ಟು ನೇರವಾಗಿರುವಂತೆ ಮಾಡಬೇಕು. ಇದಕ್ಕೆ ಒಂದು ಸ್ಪ್ಯಾನರ್ ಸಾಕು, ಹಣ ಬೇಕಿಲ್ಲ.

ಬಳಿಕ ಟಯರು. ಡಾಂಬರಿಗೂ ಮಣ್ಣಿಗೂ ಸಲ್ಲುವ ದಪ್ಪ ಗೆರೆಗಳ ಟಯರು ಹೆಚ್ಚಿನವರಿಗೆ ಸಾಕು. ಗಾಳಿಯ ಒತ್ತಡದ ಮಹತ್ವವನ್ನು ಬಹಳ ಮಂದಿ ಅರಿತಿಲ್ಲ. ಕಂಪನಿ ಸೂಚಿಸಿದ ಒತ್ತಡಕ್ಕಿಂತ ನಾಲ್ಕಾರು ಪಿಎಸ್‌ಐ ಇಳಿಸಿದರೆ ಟಯರು ನೆಲಕ್ಕೆ ಅಗಲವಾಗಿ ಕೂತು ಹಿಡಿತ ಹೆಚ್ಚುತ್ತದೆ. ಆದರೆ ಟ್ಯೂಬ್ ಇರುವ ಚಕ್ರದಲ್ಲಿ ತೀರ ಇಳಿಸಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ಟ್ಯೂಬು ತೂತಾಗುತ್ತದೆ. 20 ಪಿಎಸ್‌ಐಗಿಂತ ಕೆಳಗೆ ಇಳಿಯದಿರುವುದು ಹೊಸಬರಿಗೆ ಕ್ಷೇಮ. ಡಾಂಬರಿಗೆ ಮರಳಿದೊಡನೆ ಮತ್ತೆ ತುಂಬಿಸಿಕೊಳ್ಳಲು ಸಣ್ಣ ಪಂಪು ಜೊತೆಗಿರಲಿ.

ಮೂರನೆಯದು ಹಿಂದಿನ ಶಾಕ್ ಅಬ್ಸಾರ್ಬರಿನ ಬಿಗಿ. ಬಂಡಿಯ ಹಿಂಭಾಗವನ್ನು ಚಕ್ರ ನೇತಾಡುವಂತೆ ಎತ್ತಿ, ಅಚ್ಚಿನಿಂದ ನೇರ ಮೇಲಿನ ಒಂದು ಗುರುತಿನವರೆಗೆ ಅಳೆಯಿರಿ. ನಂತರ ಸವಾರನು ಪೂರ್ಣ ಉಡುಪಿನಲ್ಲಿ ಕುಳಿತಾಗ ಮತ್ತೆ ಅಳೆಯಿರಿ. ಚಕ್ರದ ಒಟ್ಟು ಚಲನೆಯ ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿದಿರಬೇಕು. ಹಿಮಾಲಯನ್ 450ರಲ್ಲಿ ಆ ಚಲನೆ 200 ಮಿ.ಮೀ. ಇರುವುದರಿಂದ 60ರಿಂದ 65 ಮಿ.ಮೀ. ಇಳಿತ ಸರಿಯಾದೀತು. ಹೆಚ್ಚು ಇಳಿದರೆ ಸ್ಪ್ರಿಂಗಿನ ಬಿಗಿಯನ್ನು ಏರಿಸಬೇಕು. ಹಿಂದೆ ಯಾರಾದರೂ ಕೂತರೆ ಅಥವಾ ಸಾಮಾನು ಹೇರಿದರೆ ಮತ್ತೊಮ್ಮೆ ನೋಡಬೇಕು.

ಹಿಂದಿನ ಚಕ್ರದ ಎಬಿಎಸ್ ನಿಲ್ಲಿಸುವ ಸೌಲಭ್ಯವಿದ್ದರೆ ಸಡಿಲ ಮಣ್ಣಿನ ಇಳಿಜಾರಿನಲ್ಲಿ ಅದು ಉಪಯುಕ್ತ. ಡಾಂಬರಿನ ಮೇಲೆ ಅದು ಸದಾ ಚಾಲೂ ಇರತಕ್ಕದ್ದು. ಸಾಮಾನನ್ನು ತಗ್ಗಿನಲ್ಲಿ, ಸೀಟಿನ ಸಮೀಪದಲ್ಲಿ, ಎರಡೂ ಬದಿಗೆ ಸಮತೂಕವಾಗಿ, ಮೆತ್ತನೆಯ ಚೀಲಗಳಲ್ಲಿ ಕಟ್ಟಬೇಕು. ಪಂಕ್ಚರ್ ಸಾಮಗ್ರಿ, ಒಂದು ಟ್ಯೂಬು, ಹೆಚ್ಚುವರಿ ಕ್ಲಚ್ ಹಿಡಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಎರಡು ಲೀಟರ್ ನೀರು ಮರೆಯಬಾರದು. ಧೂಳಿನ ಪಯಣದಿಂದ ಮರಳಿದ ಮೇಲೆ ಗಾಳಿ ಶೋಧಕವನ್ನು ಶುಚಿಗೊಳಿಸಿ, ಚೈನಿಗೆ ಎಣ್ಣೆ ಹಾಕಿ, ಬೋಲ್ಟುಗಳನ್ನೂ ಕಡ್ಡಿಗಳನ್ನೂ ಪರೀಕ್ಷಿಸುವುದು ನಿತ್ಯದ ಶಿಸ್ತಾಗಲಿ.

ಕಾಮಾಕ್ಷಿಪಾಳ್ಯದ ಕಾಯಕ

ಮಾಗಡಿ ರಸ್ತೆಯ ಕಾಮಾಕ್ಷಿಪಾಳ್ಯ ಸಣ್ಣ ಕೈಗಾರಿಕೆಗಳ ಬೀಡು. ಲೇತ್, ತಗಡಿನ ಕೆಲಸ, ವೆಲ್ಡಿಂಗ್, ಪೌಡರ್ ಕೋಟಿಂಗ್ ಮಾಡುವ ಕಾಯಕಜೀವಿಗಳು ಇಲ್ಲಿನ ಓಣಿಓಣಿಯಲ್ಲಿದ್ದಾರೆ. ದೋಣಿ ನಡೆಸಿದ ಅಂಬಿಗರ ಚೌಡಯ್ಯನವರನ್ನೂ ಚಮ್ಮಾವುಗೆ ಮಾಡಿದ ಹರಳಯ್ಯನವರನ್ನೂ ಶರಣರೆಂದು ಪೂಜಿಸುವ ನಾವು ಈ ಕೈಗಳ ಬೆಲೆಯನ್ನು ಅರಿಯಬೇಕು. ಎಂಜಿನ್ನಿನ ತಳಕ್ಕೆ ಮೂರು ನಾಲ್ಕು ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಟ್ಟೆ, ಬಿದ್ದಾಗ ಟ್ಯಾಂಕನ್ನು ಉಳಿಸುವ ಕೊಳವೆಯ ಗಾರ್ಡು, ಚೀಲ ಕಟ್ಟುವ ಚೌಕಟ್ಟು ಇವನ್ನು ಅಳತೆ ಕೊಟ್ಟು ಮಾಡಿಸಿಕೊಳ್ಳಬಹುದು. ತಟ್ಟೆಯಲ್ಲಿ ಕೆಸರು ಜಾರಲು ಮತ್ತು ಎಂಜಿನ್ ಆಯಿಲ್ ಇಳಿಸಲು ತೂತುಗಳಿರಲಿ. ಜೋಡಿಸುವಲ್ಲಿ ರಬ್ಬರ್ ಬುಷ್ ಇರಲಿ.

ಎಲ್ಲವನ್ನೂ ಚೌಕಟ್ಟಿನಲ್ಲಿ ಮೊದಲೇ ಇರುವ ಬೋಲ್ಟಿನ ತೂತುಗಳಿಗೇ ಜೋಡಿಸಬೇಕು. ಚೌಕಟ್ಟಿಗೆ ವೆಲ್ಡಿಂಗ್ ಮಾಡಿಸಿದರೆ ಅಲ್ಲಿನ ಲೋಹ ಕಾದು ಬಲಗುಂದುತ್ತದೆ. ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ನಿಷೇಧಿಸುತ್ತದೆ ಎಂಬುದೂ ನೆನಪಿರಲಿ. ಸದ್ದು ಮಾಡುವ ಸೈಲೆನ್ಸರ್, ಎದುರಿನವರ ಕಣ್ಣು ಕುಕ್ಕುವ ದೀಪ ಇವು ರಕ್ಷಣೆಯಲ್ಲ, ಪರಪೀಡೆ.

ಹಾದಿಯ ಧರ್ಮ

ಡಾಂಬರು ಬಿಟ್ಟು ಇಳಿದ ನೆಲವೆಲ್ಲ ನಮ್ಮದಲ್ಲ. ಮೀಸಲು ಅರಣ್ಯವನ್ನು ಅನುಮತಿಯಿಲ್ಲದೆ ಪ್ರವೇಶಿಸುವುದು 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಅಪರಾಧ. ಅಭಯಾರಣ್ಯಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅನ್ವಯಿಸುತ್ತದೆ. ಮಾಗಡಿ ಸಮೀಪದ ಸಾವನದುರ್ಗದ ಬಂಡೆ ಕಣ್ಣಿಗೆ ಕರೆದಂತೆ ಕಂಡರೂ ಅದು ಅರಣ್ಯಪ್ರದೇಶ. ಹಳ್ಳಿಯಿಂದ ಹಳ್ಳಿಗೆ ಹೋಗುವ ಸಾರ್ವಜನಿಕ ಮಣ್ಣುದಾರಿಗಳೇ ಕಲಿಯುವವರಿಗೆ ಬೇಕಾದಷ್ಟಿವೆ. ಬಿತ್ತಿದ ಹೊಲ, ಕೆರೆಯ ಏರಿ, ದನ ಮೇಯುವ ಗೋಮಾಳಗಳ ಮೇಲೆ ಚಕ್ರ ಹಾಯಿಸುವುದು ಅನ್ನದಾತನಿಗೆ ಮಾಡುವ ಅಪಚಾರ. ಮಳೆಗಾಲದಲ್ಲಿ ಆಳ ತಿಳಿಯದ ಹಳ್ಳಕ್ಕೆ ಇಳಿಯಬಾರದು. ಒಬ್ಬಂಟಿಯಾಗಿ ಹೋಗದೆ ಕನಿಷ್ಠ ಮೂವರಾದರೂ ಕೂಡಿ ಹೋಗಬೇಕು. ಒಬ್ಬನು ಗಾಯಗೊಂಡರೆ ಒಬ್ಬನು ಬಳಿಯಲ್ಲಿರಲು, ಇನ್ನೊಬ್ಬನು ನೆರವು ತರಲು ಆಗುತ್ತದೆ.

ಮನೆಯ ಹಿರಿಯರಿಗೆ

ಹಿರಿಯರ ಭಯ ಅಕಾರಣವಲ್ಲ. ಆದರೆ ಅಡ್ಡಿಪಡಿಸಿದ ಆಸೆ ಗುಟ್ಟಾಗಿ ಈಡೇರುತ್ತದೆ. ಎರವಲು ಬಂಡಿ, ಎರವಲು ಹೆಲ್ಮೆಟ್, ಮನೆಗೆ ಹೇಳದ ದಾರಿ, ಇದಕ್ಕಿಂತ ಅಪಾಯ ಬೇರೊಂದಿಲ್ಲ. ಅದರ ಬದಲು ನಿಬಂಧನೆಗಳನ್ನು ಇಡಿ: ಮೊದಲು ಪರವಾನಗಿ ಮತ್ತು ವಿಮೆ, ಆಮೇಲೆ ರಕ್ಷಣಾ ಉಡುಪು, ಆಮೇಲೆ ತರಬೇತಿ, ಕೊನೆಯಲ್ಲಿ ದೂರದ ಪಯಣ. ಹೋಗುವ ದಾರಿ, ಮರಳುವ ಹೊತ್ತು ಮನೆಯಲ್ಲಿ ತಿಳಿದಿರಲಿ. ಕತ್ತಲಾದ ಮೇಲೆ ಮಣ್ಣಿನ ಹಾದಿ ಬೇಡ. ಕೊಳ್ಳುವ ದಿನ ಅಂಗಡಿಗೆ ತಂದೆತಾಯಿಯರೂ ಜೊತೆಯಲ್ಲಿ ಹೋಗಲಿ. ಮಗನು ಸೀಟಿನ ಮೇಲೆ ಕುಳಿತಾಗ ಪಾದ ನೆಲ ಮುಟ್ಟುತ್ತದೆಯೇ ಎಂಬುದನ್ನು ಅವರೇ ಕಣ್ಣಾರೆ ನೋಡಲಿ.

ಯುವಬಂಧುಗಳಿಗೆ ನಮ್ಮ ಮಾತು ಇಷ್ಟೆ. ದೊಡ್ಡ ಬಂಡಿಯಿಂದ ದೊಡ್ಡ ಸವಾರನಾಗುವುದಿಲ್ಲ. ತನ್ನ ಮೈಬಲಕ್ಕೆ, ತನ್ನ ದಾರಿಗೆ, ತನ್ನ ಮನೆಯ ಶಕ್ತಿಗೆ ತಕ್ಕುದನ್ನು ಆರಿಸಿ, ಅದನ್ನು ತನ್ನ ಕೈಯಿಂದಲೇ ಅಣಿಗೊಳಿಸಿ, ಅದರ ಒಂದೊಂದು ಬೋಲ್ಟನ್ನೂ ಅರಿತವನೇ ನಿಜವಾದ ಸವಾರ. ಅಂತಹ ಸವಾರನ ತಾಯಿ ರಾತ್ರಿ ನೆಮ್ಮದಿಯಿಂದ ನಿದ್ರಿಸುತ್ತಾಳೆ.