ದೊಡ್ಡ ಕರುಳಿನ ಕ್ಯಾನ್ಸರ್ ತಡೆಗೆ ಗಣಕದ ನೆರವಿನ ಕೊಲೊನೋಸ್ಕೋಪಿ



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಭಕ್ತರು ಮಠಕ್ಕೆ ಬಂದಾಗ ಮಳೆ, ಬೆಳೆ, ಮಕ್ಕಳ ವಿದ್ಯೆ, ಮದುವೆಗಳ ಕುರಿತು ಮನಬಿಚ್ಚಿ ಮಾತನಾಡುತ್ತಾರೆ. ಆದರೆ ಮಲದಲ್ಲಿ ರಕ್ತ ಬೀಳುವುದನ್ನು ಹೇಳಿಕೊಳ್ಳುವವರು ವಿರಳ. ನಾಚಿಕೆಯಿಂದ ಮುಚ್ಚಿಡುತ್ತಾರೆ; ಇಲ್ಲವೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸಿ ತಿಂಗಳುಗಟ್ಟಲೆ ನಾಟಿ ಔಷಧಿಯಲ್ಲಿ ಕಳೆಯುತ್ತಾರೆ. ಹಲವರಲ್ಲಿ ಅದು ಮೂಲವ್ಯಾಧಿಯೇ ಆಗಿರುತ್ತದೆ. ಕೆಲವರಲ್ಲಿ ಮಾತ್ರ ದೊಡ್ಡ ಕರುಳಿನ ಕ್ಯಾನ್ಸರಿನ ಸೂಚನೆಯಾಗಿರುತ್ತದೆ. ಪರೀಕ್ಷಿಸದೆ ಇದನ್ನು ನಿರ್ಧರಿಸಲಾಗದು.

ಈ ಕ್ಯಾನ್ಸರ್ ಒಂದೇ ದಿನದಲ್ಲಿ ಹುಟ್ಟುವುದಲ್ಲ. ಹೆಚ್ಚಾಗಿ ಕರುಳಿನ ಒಳಪೊರೆಯಲ್ಲಿ ಮೊದಲು ಪಾಲಿಪ್ ಎಂಬ ಸಣ್ಣ ಗಂಟು ಬೆಳೆಯುತ್ತದೆ. ಎಲ್ಲ ಪಾಲಿಪ್‌ಗಳೂ ಕ್ಯಾನ್ಸರ್ ಆಗುವುದಿಲ್ಲ. ಅಡೆನೋಮಾ ಎಂಬ ಬಗೆಯವು ಆಗಬಲ್ಲವು. ಅದಕ್ಕೂ ಸಾಮಾನ್ಯವಾಗಿ 10 ವರ್ಷಗಳಷ್ಟು ಕಾಲ ಹಿಡಿಯುತ್ತದೆ. ಈ ದೀರ್ಘ ಅವಧಿಯೇ ನಮಗಿರುವ ಅವಕಾಶ. ಕೊಲೊನೋಸ್ಕೋಪಿಯಲ್ಲಿ ಕ್ಯಾಮೆರಾ ಮತ್ತು ಬೆಳಕಿರುವ ಬಾಗುವ ನಳಿಕೆಯನ್ನು ಗುದದ್ವಾರದ ಮೂಲಕ ಸೇರಿಸಿ ದೊಡ್ಡ ಕರುಳನ್ನು ಪೂರ್ಣವಾಗಿ ನೋಡುತ್ತಾರೆ. ಪಾಲಿಪ್ ಕಂಡರೆ ಬಹುಮಟ್ಟಿಗೆ ಆಗಲೇ ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆಯುತ್ತಾರೆ. ಹೀಗೆ ಪರೀಕ್ಷೆಯೇ ರೋಗವನ್ನು ತಡೆಯುವ ಚಿಕಿತ್ಸೆಯೂ ಆಗುತ್ತದೆ.

ಆದರೆ ಚಪ್ಪಟೆಯಾದ, ಅತಿ ಸಣ್ಣ ಪಾಲಿಪ್‌ಗಳು ಅನುಭವಿ ವೈದ್ಯರ ಕಣ್ಣಿಗೂ ತಪ್ಪುವುದುಂಟು. ಇಲ್ಲಿ ಗಣಕ ನೆರವಾಗುತ್ತದೆ. ಅಸಂಖ್ಯ ಚಿತ್ರಗಳಿಂದ ಪಾಲಿಪ್‌ನ ರೂಪವನ್ನು ಕಲಿತ ತಂತ್ರಾಂಶವು, ಪರೀಕ್ಷೆ ನಡೆಯುತ್ತಿರುವಾಗಲೇ ಪರದೆಯ ಮೇಲೆ ಸಂಶಯದ ಜಾಗಕ್ಕೆ ಚೌಕಟ್ಟು ಹಾಕಿ ತೋರಿಸುತ್ತದೆ. ಇಟಲಿಯಲ್ಲಿ 685 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಮಾನ್ಯ ವಿಧಾನದಿಂದ ನೂರಕ್ಕೆ 40 ಜನರಲ್ಲಿ ಅಡೆನೋಮಾ ಕಂಡರೆ, ಗಣಕದ ನೆರವಿನಿಂದ 55 ಜನರಲ್ಲಿ ಕಂಡಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಇಂತಹ ಮೊದಲ ಸಾಧನಕ್ಕೆ 2021ರಲ್ಲಿ ಅನುಮತಿ ನೀಡಿತು.

ಗಣಕಕ್ಕೂ ಮಿತಿಯಿದೆ. ಕ್ಯಾಮೆರಾ ತಲುಪದ ಮಡಿಕೆಯ ಹಿಂಭಾಗವಾಗಲಿ, ಮಲ ಉಳಿದ ಜಾಗವಾಗಲಿ ಅದಕ್ಕೆ ಕಾಣದು. ಹೆಚ್ಚುವರಿಯಾಗಿ ಕಂಡವುಗಳಲ್ಲಿ ಬಹುಪಾಲು ಸಣ್ಣ ಪಾಲಿಪ್‌ಗಳೇ. ಆದ್ದರಿಂದ ಗಣಕವಿರುವ ಆಸ್ಪತ್ರೆಯನ್ನು ಹುಡುಕುತ್ತ ಕಾಲ ಕಳೆಯಬಾರದು. ನುರಿತ ವೈದ್ಯರು ನಿಧಾನವಾಗಿ ಮಾಡುವ ಸಾಮಾನ್ಯ ಕೊಲೊನೋಸ್ಕೋಪಿಯೂ ಜೀವ ಉಳಿಸುತ್ತದೆ.

ಕರುಳು ಶುಚಿಯಾಗಿರುವುದೇ ಮುಖ್ಯ. ಅದು ನಮ್ಮ ಕೈಯಲ್ಲಿಯೇ ಇದೆ. ಪರೀಕ್ಷೆಗೆ ಮುಂಚಿನ ದಿನಗಳಲ್ಲಿ ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ಕಾಳು, ಶೇಂಗಾ ಮತ್ತು ಅಗಸಿ ಹಿಂಡಿಗಳನ್ನು ಬಿಟ್ಟು, ವೈದ್ಯರು ಹೇಳಿದಂತೆ ಬಿಳಿ ಅನ್ನ, ತಿಳಿ ಸಾರಿನಂತಹ ಹಗುರ ಆಹಾರ ಸೇವಿಸಬೇಕು. ಭೇದಿಯ ಔಷಧಿಯನ್ನು ಸಾಮಾನ್ಯವಾಗಿ ಅರ್ಧ ಹಿಂದಿನ ರಾತ್ರಿ, ಉಳಿದರ್ಧ ಬೆಳಗಿನ ಜಾವ ಕುಡಿಯಬೇಕು. ಅದನ್ನು ಕುಡಿದು ಅಫಜಲಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಬರುವುದು ಕಷ್ಟ. ಹಿಂದಿನ ದಿನವೇ ನಗರದ ಬಂಧುಗಳ ಮನೆಯಲ್ಲಿ ತಂಗುವುದು ಲೇಸು. ಸಕ್ಕರೆ ಕಾಯಿಲೆಯ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ, ಕಬ್ಬಿಣಾಂಶದ ಗುಳಿಗೆ ತೆಗೆದುಕೊಳ್ಳುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಮಂಪರಿನ ಔಷಧಿ ಕೊಡುವುದರಿಂದ ಜೊತೆಗೊಬ್ಬರು ಇರಬೇಕು; ಅಂದು ವಾಹನ ಓಡಿಸಬಾರದು.

ಮಲದಲ್ಲಿ ರಕ್ತ, ವಾರಗಟ್ಟಲೆ ಬದಲಾದ ಮಲವಿಸರ್ಜನೆಯ ಕ್ರಮ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇದ್ದವರು ತಡಮಾಡದೆ ವೈದ್ಯರನ್ನು ಕಾಣಬೇಕು. ತಂದೆ, ತಾಯಿ, ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿದ್ದರೆ ಲಕ್ಷಣಗಳಿಲ್ಲದಿದ್ದರೂ 40ರ ವಯಸ್ಸಿಗೆ, ಅಥವಾ ಅವರಿಗೆ ರೋಗ ಕಂಡ ವಯಸ್ಸಿಗಿಂತ 10 ವರ್ಷ ಮುಂಚೆ, ಯಾವುದು ಮೊದಲೋ ಆಗ, ವೈದ್ಯರ ಸಲಹೆ ಪಡೆಯಬೇಕು. ನಮ್ಮ ದೇಶದ ಸರ್ಕಾರಿ ತಪಾಸಣಾ ಕಾರ್ಯಕ್ರಮವು 30 ದಾಟಿದವರ ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳ ಕುರಿತಾಗಿ ರೂಪುಗೊಂಡಿದೆ. ಕರುಳಿನ ಬಗ್ಗೆ ಯಾರೋ ಮನೆಗೆ ಬಂದು ಕೇಳುವರೆಂದು ಕಾಯದೆ ನಾವೇ ಹೇಳಿಕೊಳ್ಳಬೇಕು. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅವರ ಚೀಟಿಯೊಂದಿಗೆ ಕಲಬುರಗಿಗೆ ಹೋಗಬಹುದು.

ಕಾಯವಿದ್ದರೆ ಕಾಯಕ, ಕಾಯಕವಿದ್ದರೆ ದಾಸೋಹ. ಕಾಯದ ನೋವನ್ನು ಹೇಳಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ. ಮನೆಯ ಹಿರಿಯರನ್ನು ಇಂದೇ ಮೆಲ್ಲನೆ ವಿಚಾರಿಸಿರಿ. ತಾಯಂದಿರನ್ನು ತಪ್ಪದೆ ಕೇಳಿರಿ.