ಅಪೋಫಿಸ್ (ಕ್ಷುದ್ರಗ್ರಹ)

99942 ಅಪೋಫಿಸ್ ಭೂಮಿಯ ಸಮೀಪಕ್ಕೆ ಬರುವ ಕ್ಷುದ್ರಗ್ರಹಗಳಲ್ಲಿ ಒಂದು. ಉದ್ದನೆಯ ಆಕಾರದ ಈ ಶಿಲಾಕಾಯದ ಸರಾಸರಿ ವ್ಯಾಸ ಸುಮಾರು 340 ಮೀಟರ್. ಇದು 2029ರಲ್ಲಿ ಭೂಮಿಗೆ ಅಪ್ಪಳಿಸಬಹುದೆಂದು 2004ರ ಡಿಸೆಂಬರಿನಲ್ಲಿ ಶಂಕಿಸಲಾಗಿತ್ತು. ನಂತರದ ವೀಕ್ಷಣೆಗಳು ಆ ಶಂಕೆಯನ್ನು ನಿವಾರಿಸಿವೆ.

ಆವಿಷ್ಕಾರ

ರಾಯ್ ಟಕರ್, ಡೇವಿಡ್ ಥೋಲೆನ್ ಮತ್ತು ಫ್ಯಾಬ್ರಿಝಿಯೊ ಬೆರ್ನಾರ್ಡಿ ಅವರು 2004ರ ಜೂನ್ 19ರಂದು ಅಮೆರಿಕದ ಅರಿಜೋನಾದ ಕಿಟ್ ಪೀಕ್ ವೀಕ್ಷಣಾಲಯದಿಂದ ಇದನ್ನು ಗುರುತಿಸಿದರು. ಎರಡು ರಾತ್ರಿಗಳ ಬಳಿಕ ಇದು ಕಣ್ಮರೆಯಾಯಿತು. ಡಿಸೆಂಬರ್ 18ರಂದು ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್‌ನಿಂದ ಗಾರ್ಡನ್ ಗ್ಯಾರಡ್ ಅವರು ಇದನ್ನು ಮತ್ತೆ ಕಂಡರು. ಮೊದಲು 2004 ಎಂಎನ್4 ಎಂಬ ತಾತ್ಕಾಲಿಕ ಹೆಸರಿತ್ತು. 2005ರಲ್ಲಿ ಈಜಿಪ್ಟಿನ ಪುರಾಣದಲ್ಲಿ ಸೂರ್ಯನ ವೈರಿಯಾದ ಸರ್ಪ ಅಪೆಪ್‌ನ ಗ್ರೀಕ್ ಹೆಸರನ್ನು ಇಡಲಾಯಿತು.

ಘರ್ಷಣೆಯ ಶಂಕೆ

ಕೆಲವೇ ದಿನಗಳ ವೀಕ್ಷಣೆಯಿಂದ ಕಕ್ಷೆಯನ್ನು ಗಣಿಸಿದರೆ ಕಾಯವು ಮುಂದೊಂದು ದಿನ ಇರುವ ಸ್ಥಾನ ಒಂದು ಬಿಂದುವಾಗಿ ದೊರೆಯುವುದಿಲ್ಲ. ಬಹು ಉದ್ದವಾದ ಒಂದು ಪಟ್ಟಿಯಾಗಿ ದೊರೆಯುತ್ತದೆ. ವೀಕ್ಷಣೆಗಳು ಹೆಚ್ಚಿದಂತೆ ಪಟ್ಟಿ ಕಿರಿದಾಗುತ್ತದೆ. ಭೂಮಿ ಇನ್ನೂ ಅದರೊಳಗೇ ಉಳಿದಿದ್ದರೆ, ಪಟ್ಟಿಯಲ್ಲಿ ಭೂಮಿಯ ಪಾಲು ದೊಡ್ಡದಾಗಿ ಘರ್ಷಣೆಯ ಸಂಭವನೀಯತೆ ಏರುತ್ತದೆ. ಪಟ್ಟಿಯ ಅಂಚು ಭೂಮಿಯನ್ನು ದಾಟಿ ಸರಿದೊಡನೆ ಅದು ಥಟ್ಟನೆ ಸೊನ್ನೆಗಿಳಿಯುತ್ತದೆ. ಆದ್ದರಿಂದ ಇಂತಹ ಏರಿಕೆಯನ್ನು ಅಪಾಯ ಹತ್ತಿರವಾಯಿತೆಂದು ತಿಳಿಯುವುದು ಸರಿಯಲ್ಲ.

ಅಪೋಫಿಸ್‌ನ ವಿಷಯದಲ್ಲಿ ನಡೆದದ್ದು ಇದೇ. ಡಿಸೆಂಬರ್ 27ರಂದು ಸಂಭವನೀಯತೆ ಶೇ. 2.7ಕ್ಕೆ, ಅಂದರೆ 37ರಲ್ಲಿ ಒಂದಕ್ಕೆ ಏರಿತು. ಹತ್ತರವರೆಗಿನ ಟೊರಿನೊ ಮಾಪಕದಲ್ಲಿ ಇದಕ್ಕೆ 4ನೆಯ ದರ್ಜೆ ದೊರೆಯಿತು. ಬೇರಾವ ಕ್ಷುದ್ರಗ್ರಹವೂ ಆ ದರ್ಜೆಯನ್ನು ಮುಟ್ಟಿಲ್ಲ. ಹಿಂದೂ ಮಹಾಸಾಗರದ ಸುನಾಮಿ ಸಂಭವಿಸಿದ್ದು ಅದರ ಹಿಂದಿನ ದಿನ. ಆ ದುರಂತದ ಸುದ್ದಿಯ ನಡುವೆ ಈ ಎಚ್ಚರಿಕೆ ಜನರ ಗಮನಕ್ಕೆ ಅಷ್ಟಾಗಿ ಬರಲಿಲ್ಲ. ಅದೇ ಹೊತ್ತಿಗೆ, ಆವಿಷ್ಕಾರಕ್ಕೂ ಮೂರು ತಿಂಗಳು ಮೊದಲು, ಮಾರ್ಚ್ 15ರಂದು ಸ್ಪೇಸ್‌ವಾಚ್ ಯೋಜನೆಯವರು ತೆಗೆದಿದ್ದ ಚಿತ್ರಗಳಲ್ಲಿ ಈ ಕಾಯದ ಮಸುಕಾದ ಗುರುತು ಪತ್ತೆಯಾಯಿತು. ಹಳೆಯ ಚಿತ್ರಗಳ ಆ ಒಂದು ಸಾಕ್ಷ್ಯದಿಂದ 2029ರ ಘರ್ಷಣೆ ಅಸಾಧ್ಯವೆಂದು ಖಚಿತವಾಯಿತು.

ಆದರೆ 2029ರಲ್ಲಿ ಅಪೋಫಿಸ್ ಸುಮಾರು 600 ಮೀಟರ್ ಅಗಲದ ಒಂದು ನಿರ್ದಿಷ್ಟ ಕಿಂಡಿಯ ಮೂಲಕ ಹಾದುಹೋದರೆ, ಭೂಮಿಯ ಗುರುತ್ವವು ಅದನ್ನು 2036ರಲ್ಲಿ ಘರ್ಷಣೆಗೆ ತರುವಂತೆ ತಿರುಗಿಸಬಹುದಿತ್ತು. 2013ರ ರೇಡಾರ್ ಅಳತೆಗಳು ಈ ಸಾಧ್ಯತೆಯನ್ನೂ, 2021ರ ಮಾರ್ಚ್ ತಿಂಗಳ ಅಳತೆಗಳು ಉಳಿದಿದ್ದ 2068ರ ಶಂಕೆಯನ್ನೂ ತಳ್ಳಿಹಾಕಿದವು. ಕನಿಷ್ಠ ನೂರು ವರ್ಷ ಇದರಿಂದ ಭೂಮಿಗೆ ಅಪಾಯವಿಲ್ಲ.

ಕಕ್ಷೆ

ಅಪೋಫಿಸ್ ಸುಮಾರು 324 ದಿನಗಳಿಗೊಮ್ಮೆ ಸೂರ್ಯನನ್ನು ಸುತ್ತುತ್ತದೆ. ಭೂಮಿ-ಸೂರ್ಯರ ಸರಾಸರಿ ಅಂತರವನ್ನು ಒಂದು ಖಗೋಳಮಾನವೆಂದರೆ, ಇದರ ಪುರರವಿ (ಸೂರ್ಯನಿಗೆ ಅತಿ ಸಮೀಪದ ಬಿಂದು) 0.75, ಅಪರವಿ (ಅತಿ ದೂರದ ಬಿಂದು) 1.10 ಖಗೋಳಮಾನ. ಕಕ್ಷೆಯ ಉತ್ಕೇಂದ್ರತೆ 0.19. ಕಕ್ಷಾತಲವು ಭೂಮಿಯ ಕಕ್ಷಾತಲಕ್ಕೆ ಕೇವಲ 3.3 ಡಿಗ್ರಿ ಓರೆಯಾಗಿದೆ. ಸರಾಸರಿ ದೂರ ಒಂದು ಖಗೋಳಮಾನಕ್ಕಿಂತ ಕಡಿಮೆಯಿರುವುದರಿಂದ ಇದು ಅಟೆನ್ ಗುಂಪಿಗೆ ಸೇರಿದೆ.

ಗುರುತ್ವವಲ್ಲದೆ ಬಿಸಿಲೂ ಈ ಕಕ್ಷೆಯನ್ನು ಬದಲಿಸುತ್ತದೆ. ಕಾದ ಮೇಲ್ಮೈ ಶಾಖವನ್ನು ಹೊರಸೂಸುವಾಗ ಉಂಟಾಗುವ ಅತಿ ಸೂಕ್ಷ್ಮ ತಳ್ಳಿಕೆಗೆ ಯಾರ್ಕೊವ್ಸ್ಕಿ ಪರಿಣಾಮವೆಂದು ಹೆಸರು. ಇದರಿಂದ ಕಕ್ಷೆಯು ವರ್ಷಕ್ಕೆ ಸುಮಾರು 200 ಮೀಟರ್ ಕುಗ್ಗುತ್ತಿದೆ. ಅಲ್ಪವೆನಿಸಿದರೂ, 2068ರ ಲೆಕ್ಕಾಚಾರವನ್ನು ಇದನ್ನು ಬಿಟ್ಟು ಮಾಡುವಂತಿರಲಿಲ್ಲ.

2029ರ ಸಾಮೀಪ್ಯ

2029ರ ಏಪ್ರಿಲ್ 13ರಂದು (ಭಾರತೀಯ ಕಾಲಮಾನದಂತೆ 14ರ ಬೆಳಗಿನ ಜಾವ ಸುಮಾರು 3 ಗಂಟೆ 16 ನಿಮಿಷಕ್ಕೆ) ಅಪೋಫಿಸ್ ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗಲಿದೆ. ಭೂಸ್ಥಿರ ಉಪಗ್ರಹಗಳು ಸುತ್ತುವ ಎತ್ತರ 35,786 ಕಿ.ಮೀ. ಯುರೋಪ್, ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಜನ ಇದನ್ನು ಬರಿಗಣ್ಣಿನಿಂದಲೇ ಚಲಿಸುವ ನಕ್ಷತ್ರದಂತೆ ಕಾಣಬಹುದು. ಈ ಭೇಟಿಯ ನಂತರ ಕಕ್ಷೆ ಹಿಗ್ಗಿ, ಪರಿಭ್ರಮಣಾವಧಿ ಒಂದು ವರ್ಷವನ್ನು ಮೀರಿ, ಕಾಯವು ಅಪೊಲೊ ಗುಂಪಿಗೆ ಸೇರಲಿದೆ. ಬೆನ್ನು ಎಂಬ ಕ್ಷುದ್ರಗ್ರಹದ ಮಾದರಿಯನ್ನು 2023ರಲ್ಲಿ ಭೂಮಿಗೆ ತಲುಪಿಸಿದ ನಾಸಾ ನೌಕೆಯನ್ನು ಓಸಿರಿಸ್-ಅಪೆಕ್ಸ್ ಎಂಬ ಹೊಸ ಹೆಸರಿನಲ್ಲಿ ಇದರ ಅಧ್ಯಯನಕ್ಕೆ ತಿರುಗಿಸಲಾಗಿದೆ.